ಹೆಸರಲ್ಲಿ ಇಂಡಿಯಾ, ಬಾಯಲ್ಲಿ ಕಹಿ

ರಾಮದುರ್ಗದ ಕಡೆಯ ಒಬ್ಬ ವೀಕ್ಷಕರು ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ್ದರು. ಒಂದು, ಬೆಂಗಳೂರಿನ ಯಾವುದೋ ಬ್ರೂಪಬ್‌ನ ಬಿಲ್ಲು. ಅವರ ಮಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿತಂತೆ. ಎರಡನೆಯದು, ಹಾಪ್ಸ್ ಸಸಿ ಮಾರುವವರ ಜಾಹೀರಾತು. ಬಿಯರ್ ಕಂಪನಿಗಳಿಗೆ ಇದು ಬೇಕೇ ಬೇಕು, ಬಳ್ಳಿ ಹಚ್ಚಿ, ಲಕ್ಷ ಎಣಿಸಿ ಅನ್ನೋ ಧಾಟಿ. ಕೆಳಗೆ ಅವರ ಪ್ರಶ್ನೆ: "ಸರ್, ನಮ್ಮ ಹುಡುಗ ಕಹಿ ನೀರಿಗೆ ಇಷ್ಟು ರೊಕ್ಕ ಕೊಟ್ಟಾನ್ರಿ. ಆ ಕಹಿ ಕೊಡೋ ಬಳ್ಳಿ ನಮ್ಮ ಹೊಲದಾಗ ಬೆಳಿತೈತೇನು?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಬಿಲ್ಲಿನದು ಮಗನ ದುಡ್ಡು, ಹೋದರೆ ಒಂದು ಸಂಜೆಯ ದುಡ್ಡು. ಜಾಹೀರಾತಿನದು ಅಪ್ಪನ ಹೊಲ. ಹಾಗಾಗಿ ಇವತ್ತು ಸ್ವಲ್ಪ ನಿಧಾನವಾಗಿ ಮಾತಾಡೋಣ. ಕುಡಿಯಿರಿ ಅಂತ ನಾನು ಹೇಳ್ತಾ ಇಲ್ಲ. ಕುಡಿಯದವರು ಕುಡಿಯದೇ ಇರಿ, 21 ತುಂಬದವರಿಗೆ ನಮ್ಮ ರಾಜ್ಯದ ಅಬಕಾರಿ ನಿಯಮವೇ ಬೇಡ ಅನ್ನುತ್ತದೆ. ಆದರೆ ಒಂದು ವಸ್ತುವಿನ ಬಗ್ಗೆ ಗೊತ್ತಿಲ್ಲದೇ ಹೊಗಳೋದೂ ತಪ್ಪು, ಗೊತ್ತಿಲ್ಲದೇ ಬೈಯೋದೂ ತಪ್ಪು.

ಬಿಲ್ಲಿನಲ್ಲಿದ್ದ ಹೆಸರು ಐಪಿಎ. ಬಿಡಿಸಿದರೆ ಇಂಡಿಯಾ ಪೇಲ್ ಏಲ್. ಇಂಡಿಯಾ ಅಂತ ಹೆಸರು, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಮತ್ತೆ ಇಂಡಿಯಾ ಯಾಕೆ ಬಂತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಇಸವಿಗಳು ನಮ್ಮ ಊರುಗಳ ಹತ್ತಿರವೇ ಸುಳಿದಾಡುತ್ತವೆ, ನೋಡಿ.

ಲಂಡನ್ನಿನ ಪೂರ್ವಕ್ಕೆ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಜಾಗಕ್ಕೆ ಹತ್ತಿರದಲ್ಲಿ, ಬೋ ಅನ್ನೋ ಊರಲ್ಲಿ ಹಾಡ್ಜ್‌ಸನ್ ಮನೆತನದ ಒಂದು ಬ್ರೂವರಿ ಇತ್ತು. ಹಡಗಿನ ಅಧಿಕಾರಿಗಳಿಗೆ ಬಿಯರನ್ನು ಉದ್ರಿ ಕೊಡುತ್ತಿದ್ದರು, ಹೋಗಿ ಮಾರಿ ಬಂದಮೇಲೆ ದುಡ್ಡು ಕೊಡಿ ಅಂತ. ವ್ಯಾಪಾರ ಬೆಳೆದದ್ದು ಬಿಯರಿನ ರುಚಿಯಿಂದ ಎಷ್ಟೋ, ಆ ಉದ್ರಿ ಖಾತೆಯಿಂದಲೂ ಅಷ್ಟೇ. 1820ರ ದಶಕದ ಮೊದಲ ವರ್ಷಗಳಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಅನ್ನೋ ಊರಿನ ಆಲ್‌ಸಪ್ ಕಂಪನಿ ಪೈಪೋಟಿಗೆ ಇಳಿಯಿತು. ಬರ್ಟನ್ನಿನ ನೆಲದಡಿಯ ನೀರಿನಲ್ಲಿ ಜಿಪ್ಸಮ್ ಬಹಳ. ಮಲಪ್ರಭಾ ಕಾಲುವೆ ನೀರು ಬಂದ ಮೇಲೆ ಸವಳಾದ ಎರೆ ಹೊಲಕ್ಕೆ ನಮ್ಮ ರೈತರು ಹಾಕ್ತಾರಲ್ಲ, ಅದೇ ಜಿಪ್ಸಮ್. ಆ ನೀರಿನಲ್ಲಿ ಕಾಸಿದ ಬಿಯರಿನ ಕಹಿ ಚೊಕ್ಕಟವಾಗಿ, ಚುರುಕಾಗಿ ನಾಲಿಗೆಗೆ ಸಿಗುತ್ತದೆ. ಬರ್ಟನ್ ಗೆದ್ದಿತು.

ಈಗ ಇಸವಿ ನೋಡಿ. ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23. ಡಿಸೆಂಬರ್ ಹೊತ್ತಿಗೆ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದಳು, 1829ರ ಫೆಬ್ರವರಿ 2ರಂದು ಅಲ್ಲೇ ತೀರಿಕೊಂಡಳು. ಅದೇ 1829ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಗೆಜೆಟ್ ಪತ್ರಿಕೆಯ ಜಾಹೀರಾತಿನಲ್ಲಿ 'ಈಸ್ಟ್ ಇಂಡಿಯಾ ಪೇಲ್ ಏಲ್' ಅನ್ನೋ ಹೆಸರು ಅಚ್ಚಾಯಿತು. ಆ ಹೆಸರು ಅಚ್ಚಿನಲ್ಲಿ ಸಿಕ್ಕಿರುವ ತೀರಾ ಹಳೆಯ ಜಾಗಗಳಲ್ಲಿ ಅದೂ ಒಂದು. ಒಂದಕ್ಕೊಂದು ಕಾರ್ಯಕಾರಣ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಚಾನೆಲ್‌ನವರು ಎಲ್ಲಕ್ಕೂ ಗಂಟು ಹಾಕ್ತಾರೆ ಅಂತ ನೀವು ಬೈತೀರಿ. ಆದರೆ ಆ ಬಾಟಲಿಯ ಮೇಲಿದ್ದ ಇಂಡಿಯಾ ಯಾರ ಇಂಡಿಯಾ ಅನ್ನೋದು ಇದರಿಂದ ಗೊತ್ತಾಗುತ್ತೆ. ಕಂಪನಿ ಸರ್ಕಾರದ ಅಧಿಕಾರಿಗಳು, ವ್ಯಾಪಾರಿಗಳು, ಅವರ ಊಟದ ಮೇಜು. ನಮ್ಮವರ ಪಾಲಿಗೆ ಆ ಹಡಗಿನಿಂದ ಇಳಿದದ್ದು ಬೇರೆಯೇ ಸರಕು.

ಇಲ್ಲಿ ಒಂದು ಪ್ರಸಿದ್ಧ ಕಥೆ ಇದೆ. ಆರು ತಿಂಗಳ ಸಮುದ್ರಯಾನದಲ್ಲಿ ಬಿಯರ್ ಹುಳಿಯಾಗುತ್ತಿತ್ತು, ಅದಕ್ಕೇ ಒಬ್ಬ ಜಾಣ ಹಾಪ್ಸ್ ಜಾಸ್ತಿ ಹಾಕಿ ಐಪಿಎ ಕಂಡುಹಿಡಿದ ಅಂತ. ಪಬ್ಬುಗಳ ಮೆನು ಕಾರ್ಡಿನಲ್ಲೂ ಇದನ್ನೇ ಬರೆದಿರುತ್ತಾರೆ. ಅರ್ಧ ಸತ್ಯ. ಹಾಪ್ಸ್‌ನಲ್ಲಿರುವ ಕಹಿ ಆಮ್ಲಗಳು ಬಿಯರನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ಅದು ನಿಜ. ಆದರೆ ಕಡುಗಪ್ಪಿನ ಪೋರ್ಟರ್ ಬಿಯರೂ ಅದೇ ಹಡಗುಗಳಲ್ಲಿ ಸೈನಿಕರಿಗೆ ಅಂತ ಬರುತ್ತಿತ್ತು, ಕುಡಿಯುವಂತೆಯೇ ಬರುತ್ತಿತ್ತು. ಹೆಚ್ಚು ಹಾಪ್ಸ್ ಹಾಕಿ ವರ್ಷಗಟ್ಟಲೆ ಇಡುವ ತಿಳಿಬಣ್ಣದ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಭಾರತದ ಮಾರುಕಟ್ಟೆಗೆ ಅದು ಹೊಂದಿತು, ಹೆಸರು ಅಂಟಿತು.

ಆಮೇಲೆ ಏನಾಯ್ತು? ಭಾರತದಲ್ಲೇ ಬ್ರೂವರಿಗಳು ಬಂದವು, ಹಿಮಾಚಲದ ಕಸೌಲಿಯಲ್ಲಿ ಡೈಯರ್ ಶುರು ಮಾಡಿದ್ದು ಮೊದಲನೆಯದರಲ್ಲಿ ಒಂದು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ದಕ್ಷಿಣದ ಸಣ್ಣ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ, 1947ರಲ್ಲಿ ಅದು ವಿಠ್ಠಲ ಮಲ್ಯರ ಕೈಗೆ ಬಂತು. ಅಷ್ಟರಲ್ಲಿ ಜಗತ್ತಿನ ಬಾಯಿ ಲಾಗರ್ ಕಡೆ ತಿರುಗಿತ್ತು: ತಣ್ಣಗೆ, ತಿಳಿಯಾಗಿ, ಕಹಿ ಇದ್ದೂ ಇಲ್ಲದ ಹಾಗೆ. ಇಂಡಿಯಾ ಹೆಸರಿನ ಬಿಯರ್ ಇಂಡಿಯಾದಲ್ಲೇ ಸಿಗದಂತಾಯಿತು. ಮರಳಿ ಬಂದದ್ದು ಅಮೆರಿಕಾ ಸುತ್ತಿಕೊಂಡು, 2010ರ ನಂತರ, ಬೆಂಗಳೂರಿನ ಮೈಕ್ರೊಬ್ರೂವರಿಗಳಿಗೆ. ಆರ್ಬರ್ ಬ್ರೂಯಿಂಗ್ ಕಂಪನಿಯ ರೇಜಿಂಗ್ ಎಲಿಫೆಂಟ್, ಗೈಸ್ಟ್‌ನ ಕಾಮಸಿಟ್ರಾ, ಹೀಗೆ ಹೆಸರುಗಳು. ಎರಡನೆಯದರಲ್ಲಿ ಸಿಟ್ರಾ ಅನ್ನೋದು ಹಾಪ್ಸ್‌ನ ಒಂದು ತಳಿಯ ಹೆಸರು.

ಈಗ ಆ ಬಳ್ಳಿಗೆ ಬರೋಣ. ಹಾಪ್ಸ್ ಬಹುವಾರ್ಷಿಕ ಬಳ್ಳಿ. ಬೇರು ನೆಲದಲ್ಲೇ ಇದ್ದು, ಪ್ರತಿ ವರ್ಷ ಹೊಸದಾಗಿ ಚಿಗುರಿ ಹಗ್ಗ ಹಿಡಿದು ಐದಾರು ಮೀಟರ್ ಏರುತ್ತೆ. ಹೆಣ್ಣು ಬಳ್ಳಿಯ ಹೂವು ಮಾತ್ರ ಬೇಕು. ಹಸಿರು ಎಸಳು ಒಂದರ ಮೇಲೊಂದು ಹೊದಿಸಿದ ಸಣ್ಣ ಮೊಗ್ಗಿನಂತಿರುತ್ತೆ. ಬಿಡಿಸಿದರೆ ಎಸಳಿನ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ, ಲುಪುಲಿನ್. ಕಹಿಯೂ ಅದರಲ್ಲೇ, ಪರಿಮಳವೂ ಅದರಲ್ಲೇ. ಸಸ್ಯಶಾಸ್ತ್ರದ ಪ್ರಕಾರ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು ನಿಜ, ಆದರೆ ಗಾಂಜಾದ ಅಮಲು ಇದರಲ್ಲಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬ ಕುಡುಕ ಅಂತ ಇನ್ನೊಬ್ಬನಿಗೂ ಆ ಹೆಸರು ಹಚ್ಚಬೇಡಿ.

ನಮ್ಮ ಹೊಲದಲ್ಲಿ ಬೆಳೆಯುತ್ತಾ? ಬಳ್ಳಿ ಬದುಕಬಹುದು. ಬೆಳೆ ಬರೋದು ಕಷ್ಟ. ಕಾರಣ ಮಣ್ಣಲ್ಲ, ನೀರಲ್ಲ. ಹಗಲು.

ಹಾಪ್ಸ್ ಬಳ್ಳಿ ದಿನದ ಉದ್ದ ಅಳೆಯುತ್ತೆ. ಹಗಲು ಉದ್ದ ಇದ್ದಷ್ಟು ದಿನ ಎತ್ತರಕ್ಕೆ ಬೆಳೆಯುತ್ತೆ, ಹಗಲು ಕಿರಿದಾಗುತ್ತಿದೆ ಅಂತ ಗೊತ್ತಾದಾಗ ಹೂ ಬಿಡುತ್ತೆ. ಅಮೆರಿಕಾದ ಯಾಕಿಮಾ ಕಣಿವೆಯಲ್ಲಿ ಜೂನ್‌ನಲ್ಲಿ ಹಗಲು ಹತ್ತಿರಹತ್ತಿರ 16 ತಾಸು, ಜರ್ಮನಿಯ ಹಾಲರ್‌ಟಾವ್‌ನಲ್ಲಿ 16ಕ್ಕೂ ಮೇಲೆ. ಜಗತ್ತಿನ ಹಾಪ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಎರಡು ದೇಶಗಳದ್ದೇ. ನಮ್ಮ ಸವದತ್ತಿ, ಬೈಲಹೊಂಗಲ, ರಾಮದುರ್ಗ ಇರೋದು ಹತ್ತಿರಹತ್ತಿರ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕಿತ್ತೂರು ಇನ್ನೊಂಚೂರು ಕೆಳಗೆ. ಇಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 13 ತಾಸು. ಅಂದರೆ ಬಳ್ಳಿಗೆ ವರ್ಷಪೂರ್ತಿ ಹೂ ಬಿಡೋ ಕಾಲವೇ. ಮೊಣಕಾಲೆತ್ತರ, ಎದೆಯೆತ್ತರ ಬಂದಾಗಲೇ ಹೂ ಬಿಟ್ಟು ಕೂರುತ್ತೆ. ಕೊಯ್ಲಿಗೆ ಇಳುವರಿ ಏನಿರುತ್ತೆ ಹೇಳಿ? ಭಾರತದಲ್ಲಿ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಅಲ್ಲಿ ಬೇಸಿಗೆಯ ಹಗಲು 14 ತಾಸು ದಾಟುತ್ತೆ, ಚಳಿಗಾಲದಲ್ಲಿ ಬೇರು ಹಿಮದ ಕೆಳಗೆ ಮಲಗುತ್ತೆ. ಹಾಗಿದ್ದೂ ನಮ್ಮ ಬ್ರೂವರಿಗಳು ಹಾಪ್ಸ್‌ನ ಹೆಚ್ಚಿನ ಪಾಲನ್ನು ಹೊರದೇಶದಿಂದಲೇ ತರಿಸುತ್ತವೆ.

ಬ್ರೆಜಿಲ್‌ನಲ್ಲಿ, ಫ್ಲಾರಿಡಾದಲ್ಲಿ ಬೆಳೀತಾರಲ್ಲ ಅಂತ ಸಸಿ ಮಾರುವವರು ಹೇಳಬಹುದು. ಹೌದು, ಬೆಳೆಯುತ್ತಾರೆ. ಸಂಜೆ ಹೊಲಕ್ಕೆ ದೀಪ ಹಚ್ಚಿ ಹಗಲನ್ನು ಉದ್ದ ಮಾಡಿ ಬೆಳೆಯುತ್ತಾರೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೆ ಅಂತ ರಾತ್ರಿ ಕಾಯೋ ನಮ್ಮ ರೈತ ಬಳ್ಳಿಗೆ ದೀಪ ಹಚ್ಚಬೇಕಂತೆ! ಅದಾದ ಮೇಲೂ ಆರು ಮೀಟರಿನ ಕಂಬ-ತಂತಿ ಬೇಕು, ಕೊಯ್ದ ಹೂವನ್ನು ತಕ್ಷಣ ಒಣಗಿಸಿ ತಣ್ಣಗಿಡುವ ವ್ಯವಸ್ಥೆ ಬೇಕು, ಕಹಿ ಆಮ್ಲ ಶೇಕಡಾ ಎಷ್ಟಿದೆ ಅಂತ ಪ್ರಯೋಗಾಲಯದ ಚೀಟಿ ಇಲ್ಲದೆ ಯಾವ ಬ್ರೂವರಿಯೂ ಮುಟ್ಟಲ್ಲ. ಸಸಿ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಕರ್ನಾಟಕದಲ್ಲಿ ಮೂರು ವರ್ಷ ಬೆಳೆದು ಬ್ರೂವರಿಗೆ ಮಾರಿದ ರೈತನ ಬಿಲ್ಲು ತೋರಿಸಿ. ತೋರಿಸಿದರೆ ಆ ರೈತನ ಹೊಲಕ್ಕೇ ಹೋಗಿ ನೋಡಿ ಬನ್ನಿ. ತೋರಿಸದಿದ್ದರೆ ನಿಮ್ಮ ಬಿಳಿಜೋಳ ನಿಮ್ಮನ್ನು ಕೈಬಿಡಲ್ಲ.

ಅಂದಹಾಗೆ ಜೋಳದಿಂದ ಬಿಯರ್ ಆಗುತ್ತೆ. 1988ರಲ್ಲಿ ನೈಜೀರಿಯಾ ಸರ್ಕಾರ ಬಾರ್ಲಿ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೇ ಜೋಳಕ್ಕೆ ಹೊರಳಿದವು. ಬೆಂಗಳೂರಿನ ಟಾಯ್ಟ್ ಬಾಸ್ಮತಿ ಅಕ್ಕಿ ಹಾಕಿದ ಬಿಯರ್ ಮಾಡಿ ಹೆಸರಾಯಿತು, ರಾಗಿ ಹಾಕಿ ನೋಡಿದವರೂ ಇದ್ದಾರೆ. ಮಾಲದಂಡಿ ಜೋಳ ಬೆಳೆಯೋ ಸವದತ್ತಿಯ ರೈತ ಹಾಪ್ಸ್ ಬಿಟ್ಟು ಈ ಕಡೆ ತಲೆ ಹಾಕಿದರೆ ಕನಿಷ್ಠ ಹಗಲಿನ ಲೆಕ್ಕ ಕೈಕೊಡಲ್ಲ.

ಸರಿ, ಮಗನ ಗ್ಲಾಸಿಗೆ ವಾಪಸ್ ಬರೋಣ. ಆ ಕಹಿ ಎಲ್ಲಿಂದ, ಎಷ್ಟು?

ಹಾಪ್ಸ್‌ನ ಆಲ್ಫಾ ಆಮ್ಲಗಳು ಹಾಗೇ ನೀರಿಗೆ ಹಾಕಿದರೆ ಸರಿಯಾಗಿ ಕರಗೋದಿಲ್ಲ. ಬಾರ್ಲಿ ಮಾಲ್ಟಿನ ಸಿಹಿನೀರಿನಲ್ಲಿ ಒಂದು ತಾಸು ಕುದಿಸಿದಾಗ ಅವುಗಳ ಅಣುವಿನ ಜೋಡಣೆ ಬದಲಾಗಿ ಐಸೊ ಆಲ್ಫಾ ಆಮ್ಲ ಆಗುತ್ತೆ. ಅದು ಕರಗುತ್ತೆ, ಅದೇ ಕಹಿ. ಒಂದು ಲೀಟರಿನಲ್ಲಿ ಇಂಥದ್ದು ಒಂದು ಮಿಲಿಗ್ರಾಂ ಇದ್ದರೆ ಸುಮಾರಾಗಿ ಒಂದು ಐಬಿಯು ಅಂತ ಲೆಕ್ಕ. ಇಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಸಣ್ಣ ಲೆಕ್ಕ ಮಾಡಿಬಿಡ್ತೀನಿ, ಸಹಿಸಿಕೊಳ್ಳಿ. 20 ಲೀಟರ್ ಬಿಯರಿಗೆ 20 ಗ್ರಾಂ ಹಾಪ್ಸ್. ಅದರಲ್ಲಿ ಆಲ್ಫಾ ಆಮ್ಲ ಶೇಕಡಾ 10, ಅಂದರೆ 2 ಗ್ರಾಂ. ಕುದಿಸಿದಾಗ ಕಾಲು ಭಾಗ ಮಾತ್ರ ಬದಲಾಗಿ ಬಿಯರಿಗೆ ಇಳಿಯುತ್ತೆ ಅಂದುಕೊಳ್ಳಿ, 500 ಮಿಲಿಗ್ರಾಂ. 20 ಲೀಟರಿಗೆ ಹಂಚಿದರೆ 25 ಐಬಿಯು. ಬಾರಿನಲ್ಲಿ ಸಿಗೋ ಸಾಮಾನ್ಯ ಲಾಗರ್ 10-15ರ ಆಸುಪಾಸು, ಜರ್ಮನಿಯ ಪಿಲ್ಸ್‌ನರ್ 25ರಿಂದ 40, ಐಪಿಎ 40ರಿಂದ 70.

ಆದರೆ ಈ ಸಂಖ್ಯೆ ನೋಡಿ ಬಿಯರ್ ಕೊಳ್ಳೋದು ಡೆಸಿಬಲ್ ನೋಡಿ ಹಾಡು ಕೇಳಿದ ಹಾಗೆ. ಹಾಗಲಕಾಯಿ ಪಲ್ಯಕ್ಕೆ ಬೆಲ್ಲ ಹಾಕಿದರೆ ಹಾಗಲಕಾಯಿಯ ಕಹಿ ಕಡಿಮೆ ಆಗುತ್ತಾ? ಇಲ್ಲ, ಅಷ್ಟೇ ಇರುತ್ತೆ, ನಾಲಿಗೆಗೆ ಕಡಿಮೆ ಅನಿಸುತ್ತೆ. ಮಾಲ್ಟಿನ ಸಿಹಿ ಹೆಚ್ಚಿರುವ 60 ಐಬಿಯು ಬಿಯರ್ ಮೆತ್ತಗೆ ಅನಿಸಬಹುದು, ಸಿಹಿಯೇ ಇಲ್ಲದ 35 ಐಬಿಯು ಪಿಲ್ಸ್‌ನರ್ ಬೇವಿನ ಕಡ್ಡಿ ಜಗಿದ ಹಾಗೆ ಹಿಡಿಯಬಹುದು. ನೂರರ ಮೇಲೆ ಬರೆದುಕೊಳ್ಳೋ ಬಿಯರುಗಳು ನಮ್ಮ ಬ್ರೇಕಿಂಗ್ ನ್ಯೂಸ್ ಪಟ್ಟಿಯ ಹಾಗೆ, ಕೂಗು ಜಾಸ್ತಿ, ವ್ಯತ್ಯಾಸ ತಿಳಿಯೋದು ಕಡಿಮೆ.

ಇನ್ನೊಂದು, ಎಲ್ಲರ ನಾಲಿಗೆ ಒಂದೇ ಅಲ್ಲ. ಕಹಿ ಗುರುತಿಸೋಕೆ ಮನುಷ್ಯನಿಗೆ ಸುಮಾರು 25 ಬಗೆಯ ಗ್ರಾಹಕಗಳಿವೆ, ಅವು ಎಲ್ಲರಲ್ಲೂ ಒಂದೇ ಥರ ಇರಲ್ಲ. 1931ರಲ್ಲಿ ಅಮೆರಿಕಾದ ಆರ್ಥರ್ ಫಾಕ್ಸ್ ಅನ್ನೋ ರಸಾಯನ ವಿಜ್ಞಾನಿಯ ಕೈಯಿಂದ ಪಿಟಿಸಿ ಅನ್ನೋ ಪುಡಿ ಗಾಳಿಗೆ ಹಾರಿತು. ಪಕ್ಕದವನು ಬಾಯೆಲ್ಲ ಕಹಿ ಅಂದ, ಇವನಿಗೆ ಏನೂ ಇಲ್ಲ. ಇದು ವಂಶವಾಹಿಯ ವಿಷಯ ಅಂತ ಆಮೇಲೆ ತಿಳಿಯಿತು. ಒಂದೇ ಮನೆಯಲ್ಲಿ ಒಬ್ಬರಿಗೆ ಮೆಂತ್ಯೆ ಸೊಪ್ಪಿನ ಪಲ್ಯ ಅಮೃತ, ಇನ್ನೊಬ್ಬರಿಗೆ ಬೇಡವೇ ಬೇಡ. ಕಹಿ ಬಿಯರ್ ಇಷ್ಟಪಡುವವನು ದೊಡ್ಡ ರಸಿಕನೂ ಅಲ್ಲ, ಬೇಡ ಅನ್ನುವವನು ಹಳ್ಳಿಗುಗ್ಗನೂ ಅಲ್ಲ.

ದುಡ್ಡು ಹೋಗೋದು ಬರೀ ಕಹಿಗಲ್ಲ, ಪರಿಮಳಕ್ಕೆ. ಒಂದು ತಾಸು ಕುದಿಸಿದರೆ ಕಹಿ ಬರುತ್ತೆ, ಪರಿಮಳದ ಎಣ್ಣೆ ಹಬೆಯ ಜೊತೆ ಹಾರಿಹೋಗುತ್ತೆ. ಅದಕ್ಕೇ ಒಲೆ ಆರಿಸುವ ಹೊತ್ತಿಗೆ ಇನ್ನೊಂದಿಷ್ಟು ಹಾಪ್ಸ್, ಆಮೇಲೆ ಹುದುಗಿದ ತಣ್ಣನೆಯ ಬಿಯರಿಗೇ ಮತ್ತೊಂದಿಷ್ಟು. ಕೊತ್ತಂಬರಿ ಸೊಪ್ಪನ್ನು ಸಾರು ಇಳಿಸುವಾಗ ಹಾಕ್ತಾರಲ್ಲ, ಅದೇ ತರ್ಕ. ತಣ್ಣನೆಯ ಬಿಯರಿಗೆ ಹಾಕುವ ಈ ಕೊನೆಯ ಕಂತಿಗೆ ಡ್ರೈ ಹಾಪಿಂಗ್ ಅಂತಾರೆ. ಸಾಮಾನ್ಯ ಲಾಗರಿಗಿಂತ ಎಷ್ಟೋ ಪಟ್ಟು ಹಾಪ್ಸ್ ಇದಕ್ಕೆ ಹೋಗುತ್ತೆ, ಅದೂ ವಿದೇಶದಿಂದ ತಣ್ಣಗಿಟ್ಟು ತಂದದ್ದು. ಉಳಿದದ್ದು ಇಂದಿರಾನಗರದ ಬಾಡಿಗೆ, ಸರ್ಕಾರದ ತೆರಿಗೆ, ಮೇಲಿನ ದೀಪಾಲಂಕಾರ.

ಆ ಪರಿಮಳ ಏನು ಅಂತ ತಿಳಿಯೋಕೆ ಬಿಯರೇ ಬೇಕಿಲ್ಲ, ಅಡುಗೆಮನೆಗೆ ಹೋಗಿ. ಕೊತ್ತಂಬರಿ ಬೀಜ ಅಂಗೈಯಲ್ಲಿ ತಿಕ್ಕಿ ಮೂಸಿ: ಆ ಹೂವಿನಂಥ ವಾಸನೆ ಲಿನಲೂಲ್, ಹಾಪ್ಸ್‌ನಲ್ಲೂ ಇದೆ. ಕರಿಮೆಣಸು, ಲವಂಗ ಕುಟ್ಟಿ: ಕ್ಯಾರಿಯೊಫಿಲೀನ್, ಅದೂ ಇದೆ. ನಿಂಬೆಹುಲ್ಲು ಜಜ್ಜಿದಾಗ ಬರೋ ಹಸಿರು ಘಾಟಿನಲ್ಲಿ ಮಿರ್ಸೀನ್ ಇದೆ, ಹಾಪ್ಸ್ ಎಣ್ಣೆಯಲ್ಲಿ ಬಹಳ ತಳಿಗಳಲ್ಲಿ ಅದರದ್ದೇ ದೊಡ್ಡ ಪಾಲು. ಇಂಗ್ಲಿಷ್ ಪುಸ್ತಕಗಳಲ್ಲಿ ಗ್ರೇಪ್‌ಫ್ರೂಟ್, ಪೈನ್, ಪ್ಯಾಶನ್‌ಫ್ರೂಟ್ ಅಂತ ಬರೆದಿರುತ್ತೆ. ನಮಗೆ ಆ ಹಣ್ಣು ಗೊತ್ತಿಲ್ಲದಿದ್ದರೆ ರುಚಿಯೂ ಗೊತ್ತಿಲ್ಲ ಅಂತಲ್ಲ, ಹೆಸರು ಗೊತ್ತಿಲ್ಲ ಅಷ್ಟೇ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೀಗಿದೆ. ಚೆಕ್ ದೇಶದ ಸಾಟ್ಸ್ ಹಾಪ್ಸ್: ಒಣಹುಲ್ಲಿನ ಬಣವೆ, ಕೊತ್ತಂಬರಿ ಬೀಜ, ಮೆತ್ತಗಿನ ಕಹಿ. ಇಂಗ್ಲೆಂಡಿನ ಗೋಲ್ಡಿಂಗ್ಸ್: ಮಣ್ಣು, ಚಹಾಪುಡಿ, ಸ್ವಲ್ಪ ಜೇನು. ಅಮೆರಿಕಾದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿ, ಈಗಿನ ಈ ಗದ್ದಲಕ್ಕೆಲ್ಲ ಅಡಿಪಾಯ ಹಾಕಿದ್ದು ಅದು: ಚಕ್ಕೋತದ ಸಿಪ್ಪೆ. ಸಿಮ್ಕೋ: ರಾಳ, ಧೂಪ, ಹೊಸದಾಗಿ ಕೊಯ್ದ ಕಟ್ಟಿಗೆ. ಸಿಟ್ರಾ: ಹಣ್ಣಾಗುತ್ತಿರೋ ಪೇರಲ, ಮಾವಿನ ತೊಟ್ಟು ಮುರಿದಾಗಿನ ಸೊನೆ. ತಡವಾಗಿ ಕೊಯ್ದ ಕೆಲವು ಹಾಪ್ಸ್‌ನಲ್ಲಿ ಉಳ್ಳಾಗಡ್ಡಿ-ಬಳ್ಳೊಳ್ಳಿ ವಾಸನೆಯೂ ಬರುತ್ತೆ, ಅದು ಗುಣ ಅಲ್ಲ, ದೋಷ.

ಹೋಲಿಸಿ ನೋಡುವಾಗ ಕ್ರಮ ಮುಖ್ಯ. ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ. ಮೊದಲೇ ಡಬಲ್ ಐಪಿಎ ಕುಡಿದು ಆಮೇಲೆ ಪಿಲ್ಸ್‌ನರ್ ಕುಡಿದರೆ ಅದು ಸೋಡಾ ಅನಿಸುತ್ತೆ, ಪಾಪ ಅದರ ತಪ್ಪಲ್ಲ. ಬರ್ಫಿನಂತೆ ತಣ್ಣಗಿದ್ದರೆ ಪರಿಮಳ ಏಳಲ್ಲ, ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಿ. ಗ್ಲಾಸಿನ ತುಂಬ ಬೇಡ, ಮೂಗಿಗೆ ಜಾಗ ಇರಲಿ. ನಡುವೆ ನೀರು, ಬೇಕಾದರೆ ಒಂದು ತುಂಡು ಜೋಳದ ರೊಟ್ಟಿ, ಚಟ್ನಿ ಇಲ್ಲದೆ. ಮಿರ್ಚಿ ಭಜಿ ಪಕ್ಕಕ್ಕಿಡಿ. ಖಾರ ಬಿದ್ದ ನಾಲಿಗೆಗೆ ಗುಳ್ಳೆಯೂ ಚುಚ್ಚುತ್ತೆ, ಕಹಿಯೂ ಚುಚ್ಚುತ್ತೆ, ಬೇರೇನೂ ತಿಳಿಯಲ್ಲ.

ಹೆಸರು ನೋಡದೆ ಗುರುತಿಸಬಲ್ಲೆ ಅನ್ನುವವರಿಗೆ ಒಂದು ಪರೀಕ್ಷೆ ಇದೆ, ಬ್ರೂವರಿಗಳೂ ಇದನ್ನೇ ಮಾಡ್ತಾರೆ. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಹೇಳಿ. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತೆ, ಹಾಗಾಗಿ ಒಂದು ಸಲದ ಗೆಲುವು ಗೆಲುವಲ್ಲ. ಸತತ ನಾಲ್ಕು ಸಲ ಸರಿ ಹೇಳಿದರೆ ಅದು ಅದೃಷ್ಟ ಆಗಿರೋ ಸಾಧ್ಯತೆ 81ರಲ್ಲಿ ಒಂದು. ನಮ್ಮ ಚಾನೆಲ್‌ನ ಒಬ್ಬ ಕ್ಯಾಮೆರಾಮನ್, ಸವದತ್ತಿಯ ಹುಡುಗ, ಐಪಿಎ ಅಂದ್ರೇನು ಅಂತ ಅವತ್ತೇ ಕೇಳಿದವನು, ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದ. ಹೇಗೋ ಅಂದರೆ, "ಇದು ಮಾವಿನಮಿಡಿ ನಾರತೈತಿ, ಅದು ಇಲ್ಲ." ಮೇಜಿನಲ್ಲಿ ಮೆನು ಕಾರ್ಡು ಬಾಯಿಪಾಠ ಮಾಡಿದವರು ಎರಡರಲ್ಲೇ ಬಿದ್ದರು.

ಹಾಪ್ಸ್‌ನ ಪರಿಮಳಕ್ಕೆ ಆಯುಷ್ಯ ಕಡಿಮೆ. ವಿಸ್ಕಿಯ ಹಾಗೆ ಹಳತಾದಷ್ಟೂ ಒಳ್ಳೆಯದು ಅನ್ನೋದು ಐಪಿಎಗೆ ಪೂರ್ತಿ ಉಲ್ಟಾ. ಒಳಗೆ ಸೇರಿದ ಒಂಚೂರು ಆಮ್ಲಜನಕ ಸಾಕು, ವಾರಗಳಲ್ಲಿ ಹಣ್ಣಿನ ವಾಸನೆ ಹೋಗಿ ತೊಯ್ದ ರಟ್ಟಿನ ವಾಸನೆ ಬರುತ್ತೆ. ಬಿಸಿಲು ಬಿದ್ದರೆ ಇನ್ನೂ ಬೇಗ: ಬೆಳಕು ಕಹಿ ಆಮ್ಲವನ್ನು ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟಿಸುತ್ತೆ, ಸುಟ್ಟ ರಬ್ಬರಿನಂಥ ನಾತ. ಕಂದು ಬಾಟಲಿ ಇರೋದೇ ಇದಕ್ಕೆ. ಹಸಿರು, ಬಿಳಿ ಬಾಟಲಿ ಚಂದಕ್ಕೆ. ಏಪ್ರಿಲ್‌ನ 40 ಡಿಗ್ರಿಯಲ್ಲಿ ತಗಡಿನ ಗೋದಾಮಿನಲ್ಲಿ ಕೂತ ಪೆಟ್ಟಿಗೆ ನಮ್ಮ ಊರಿನ ಕೌಂಟರಿಗೆ ಬರುವಷ್ಟರಲ್ಲಿ ಬ್ರೂವರಿ ಹಾಕಿದ್ದರಲ್ಲಿ ಎಷ್ಟು ಉಳಿದಿರುತ್ತೆ? ತಾಪಮಾನ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಎರಡು ಪಟ್ಟಿನ ಆಸುಪಾಸು ಅಂತ ರಸಾಯನಶಾಸ್ತ್ರದಲ್ಲಿ ಓದಿದ್ದೀವಿ. ಬಾಟಲಿ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಹಳೆಯದಾದರೆ ಹೆಚ್ಚು ದುಡ್ಡು ಕೊಡಬೇಡಿ. ಬೆಂಗಳೂರಿನಲ್ಲಿ ನಲ್ಲಿಯಿಂದ ನೇರ ಬಂದ ಗ್ಲಾಸಿಗೆ ಕೊಡುವ ಬೆಲೆಗೆ ಸ್ವಲ್ಪವಾದರೂ ಅರ್ಥ ಇರೋದು ಈ ಒಂದು ಕಾರಣಕ್ಕೆ.

ನನ್ನ ಆಯ್ಕೆ ಕೇಳಿದರೆ? ಈಗ ಎಲ್ಲೆಡೆ ಓಡ್ತಿರೋ ಮಬ್ಬು ಮಬ್ಬಾದ, ಹಣ್ಣಿನ ರಸದಂತಿರೋ ಹೇಜಿ ಐಪಿಎ, ಅಮೆರಿಕಾದ ವರ್ಮಾಂಟ್ ಕಡೆಯದು, ಮೊದಲ ಗುಟುಕಿಗೆ ವಾಹ್ ಅನಿಸುತ್ತೆ, ಅರ್ಧ ಗ್ಲಾಸಿಗೆ ಸಾಕಾಗುತ್ತೆ. ಚೊಕ್ಕಟ ಕಹಿಯ ಪಿಲ್ಸ್‌ನರ್ ನನಗೆ ಮೇಲು. ಅದರಲ್ಲಿ ದೋಷ ಮುಚ್ಚಿಡೋಕೆ ಜಾಗ ಇಲ್ಲ.

ಕೊನೆಯ ವಿಷಯ, ಬಿಲ್ಲಿಗಿಂತ ಮುಖ್ಯವಾದದ್ದು. ನಮ್ಮ ನಾಲ್ಕು ತಾಲ್ಲೂಕಿನ ಬಾರುಗಳಲ್ಲಿ ಇದ್ಯಾವುದೂ ಅಲ್ಲ, ಸ್ಟ್ರಾಂಗ್ ಬಿಯರೇ ಓಡೋದು. ದೇಶದಲ್ಲೇ ಮಾರಾಟದ ಬಹುಪಾಲು ಅದೇ. ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಶೇಕಡಾ 5ಕ್ಕಿಂತ ಮೇಲೆ 8ರವರೆಗೆ ಇದ್ದರೆ ಸ್ಟ್ರಾಂಗ್. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಎಷ್ಟೋ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಆ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು. ಅದರ ಪಕ್ಕದಲ್ಲೇ ಒಂದು ಮಾತೂ ಬೆಳೆಯಿತು: "ನಾ ಕುಡಿಯೂದಿಲ್ರೀ, ಬರೇ ಬಿಯರ್ ಅಷ್ಟ."

ಬರೇ ಬಿಯರ್ ಎಷ್ಟು ಅಂತ ಲೆಕ್ಕ ಹಾಕಿ. 650 ಮಿಲಿ ಬಾಟಲಿ, ಶೇಕಡಾ 8. ಶುದ್ಧ ಆಲ್ಕೊಹಾಲ್ 52 ಮಿಲಿ, ತೂಕದಲ್ಲಿ 41 ಗ್ರಾಂ. 42.8 ಶೇಕಡಾದ ವಿಸ್ಕಿಯ 60 ಮಿಲಿ ಪೆಗ್ಗಿನಲ್ಲಿ 20 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ದೊಡ್ಡ ಪೆಗ್ಗಿಗೆ ಸಮ. 70 ಕೆಜಿ ತೂಕದ ಗಂಡಸು ಅದನ್ನು ಬೇಗ ಮುಗಿಸಿದರೆ ರಕ್ತದಲ್ಲಿ 100 ಮಿಲಿಗೆ ಸುಮಾರು 80 ಮಿಲಿಗ್ರಾಂ ಏರುತ್ತೆ, ಮೋಟಾರು ವಾಹನ ಕಾಯ್ದೆಯ ಮಿತಿ 30. ದೇಹ ಇಳಿಸೋದು ತಾಸಿಗೆ 15ರ ಆಸುಪಾಸು. ಅಂದರೆ ಮೂರು ಮೂರೂವರೆ ತಾಸು ಬೈಕಿನ ಕೀಲಿ ಮುಟ್ಟಬಾರದು, ಅದೂ ಸರಾಸರಿ ಲೆಕ್ಕ, ನಿಮ್ಮ ದೇಹ ಇನ್ನೂ ನಿಧಾನ ಇರಬಹುದು. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ದಂಡ 10,000 ರೂಪಾಯಿವರೆಗೆ, ಆರು ತಿಂಗಳ ಜೈಲೂ ಆಗಬಹುದು. ಧಾರವಾಡದಿಂದ ಬೈಲಹೊಂಗಲಕ್ಕೆ, ಸವದತ್ತಿಯಿಂದ ರಾಮದುರ್ಗಕ್ಕೆ ರಾತ್ರಿ ಹತ್ತರ ಮೇಲೆ ಬೈಕಿನಲ್ಲಿ ಹೋದವರಿಗೆ ಆ ರಸ್ತೆಯಲ್ಲಿ ಹಿಂಬದಿ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರು ಎಷ್ಟು ಹತ್ತಿರ ಬಂದಮೇಲೆ ಕಾಣುತ್ತೆ ಅನ್ನೋದು ಗೊತ್ತು.

ಬ್ರೂಪಬ್‌ನ ಟ್ರೇನಲ್ಲಿ ಬರೋ 60 ಮಿಲಿಯ ನಾಲ್ಕು ಸಣ್ಣ ಗ್ಲಾಸು, ಶೇಕಡಾ 6 ಅಂತ ಹಿಡಿದರೆ, ಒಟ್ಟು 11 ಗ್ರಾಂ ಚಿಲ್ಲರೆ. ನಾಲ್ಕು ಹಾಪ್ಸ್ ತಳಿಯ ವ್ಯತ್ಯಾಸ ತಿಳಿಯೋಕೆ ಅಷ್ಟು ಸಾಕು. ಆದರೆ ಅದಕ್ಕೂ ಒಂದು ತಾಸು ಕಾಯಬೇಕು, ಇಲ್ಲಾ ಬಸ್ಸು ಹಿಡೀಬೇಕು.